ಎರಡು ಹಿಡಿಕೆ

ಸರಡಗಿಯ ಕಡೆ, ತೊಗರಿ ಕಟಾವಾದ ಹೊಲದಂಚಿನಲ್ಲಿ
ಒಂದು ತಗಡಿನ ಶೆಡ್ಡು. ಒಳಗೆ
ಹಾರದ ವಿಮಾನ.
ರೆಕ್ಕೆಯಿಲ್ಲ, ಬಾಲವಿಲ್ಲ. ಪ್ಲೈವುಡ್ಡಿನ ಮೂಗು,
ಒಂದೇ ಸೀಟು, ಮುಂದೆ ಕಾಗದದಲ್ಲಿ ಮುದ್ರಿಸಿ ಅಂಟಿಸಿದ ಮಾಪಕಗಳು,
ಯಾವ ಎತ್ತರವನ್ನೂ ತೋರದ ಮುಳ್ಳುಗಳು.

ಮೇ ತಿಂಗಳು. ನಲವತ್ತಮೂರು ಡಿಗ್ರಿ ಎಂದು ಬರೆದುಕೊಂಡೆ,
ಬರೆದ ಹಾಳೆ ಮೊಣಕೈಗೆ ಅಂಟಿ ಬಂತು.
ನನ್ನ ಕೆಲಸ ಇಷ್ಟೇ:
ಈ ಮೂಗಿನೊಳಗೆ ಕೂತವರ ಕೈ
ಹೋಗಬೇಕಾದಲ್ಲಿಗೆ ಹೋಗುತ್ತದೆಯೇ ನೋಡುವುದು,
ಹೋಗುತ್ತದೆ ಎಂದಾದರೆ ಸಹಿ ಹಾಕುವುದು.
ನಿಯಮ ಹೇಳುತ್ತದೆ,
ಯಂತ್ರವು ನಡೆಸುವವರಿಂದ ಅಸಾಮಾನ್ಯ ಕೌಶಲ ಬೇಡಬಾರದು,
ಅಸಾಮಾನ್ಯ ಬಲ, ಅಸಾಮಾನ್ಯ ಎಚ್ಚರ ಬೇಡಬಾರದು.
ಇಪ್ಪತ್ತೆರಡು ವರ್ಷದಿಂದ ಓದುತ್ತಿದ್ದೇನೆ ಈ ಸಾಲು.
ಇಷ್ಟು ಮರುಕವಿರುವ ಕಾನೂನು ಮತ್ತೊಂದು ಕಂಡಿಲ್ಲ.

ನಿಖತ್ ಬಂದಳು, ಹಾರಾಟ ಶಾಲೆಯ ಹುಡುಗಿ,
ಸೇಡಂ ರಸ್ತೆಯ ಟೈರಿನ ಅಂಗಡಿಯವರ ಮಗಳು.
ಐದಡಿಗೆ ಒಂದಿಂಚು ಕಡಿಮೆ. ಬಗಲಲ್ಲಿ ಮಡಚಿದ ಕೌದಿ.
"ಇದು ಇರ್ಲಿಲ್ಲಂದ್ರ ರನ್‌ವೇನೇ ಕಾಣಂಗಿಲ್ರೀ ಮೇಡಂ."
ಕೌದಿ ತೆಗೆಸಿದೆ. ಸೀಟನ್ನು ಕೊನೆಯ ಹಲ್ಲಿನವರೆಗೆ ಏರಿಸಿದೆ.
ಕಣ್ಣಿಗೆ ದಾರಿ ಸಿಕ್ಕಿತು, ಕಾಲಿಗೆ ಪೆಡಲ್ ತಪ್ಪಿತು.
ವರದಿಯಲ್ಲಿ ಬರೆದೆ: ಸೀಟು ಸೋತಿದೆ.

ಅವಳ ಲಾಗ್ ಪುಸ್ತಕದಲ್ಲಿ ಒಂದು ಕೆಂಪು ಸಾಲು.
ಹೋದ ತಿಂಗಳು ಇಳಿದು ಓಡುವಾಗ
ಫ್ಲ್ಯಾಪ್ ಎತ್ತಬೇಕಾದ ಕೈ ಚಕ್ರವನ್ನು ಎತ್ತಿತ್ತು.
ನೆಲದ ಮೇಲಿದ್ದಾಗ ಚಕ್ರ ಏಳದ ಹಾಗೆ ಬೀಗವಿದೆ, ಪುಣ್ಯ;
ಗಂಟೆ ಬಡಿದುಕೊಂಡಿತು, ಅಷ್ಟೇ.
ವಿದ್ಯಾರ್ಥಿಯ ಅಜಾಗರೂಕತೆ, ಎಂದು ಬರೆದಿದ್ದರು.
ಒಂದೇ ಅಚ್ಚಿನ ಎರಡು ಹಿಡಿಕೆ, ಒಂದೇ ಕಪ್ಪು,
ನಡುವೆ ನಾಲ್ಕು ಬೆರಳಿನ ಜಾಗ.
ಅದನ್ನು ಯಾರೂ ಬರೆದಿರಲಿಲ್ಲ.

ಮೂಗು ಕಟ್ಟಿದ ಮೋನಪ್ಪ ಬಡಿಗೇರ
ಮೂಲೆಯಲ್ಲಿ ಕೂತು ಕೇಳುತ್ತಿದ್ದ.
ನಮ್ಮ ಕಡೆ ನೋಡುತ್ತಲೇ ಚೀಲದೊಳಗೆ ಕೈಯಿಟ್ಟ,
ಬೇಕಾದ ಉಳಿಯೇ ಹೊರಗೆ ಬಂತು.
"ಎರಡೂ ಒಂದೇ ನಮೂನಿ ಅವ ಅಂತ
ಇದಕ್ಕ ಚಿಂದಿ ಸುತ್ತೀನ್ರಿ.
ಹೆಬ್ಬಟ್ಟು ಗುರ್ತು ಹಿಡೀತದ, ನಾ ಅಲ್ಲ."

ಜಾಲಿಯ ತುಂಡು ತಂದು ಕೆತ್ತಿದ.
ಚಕ್ರಕ್ಕೆ ಚಕ್ರದಂಥದ್ದು, ಗುಂಡಗೆ, ಸುತ್ತ ಗೀರು.
ಇನ್ನೊಂದು ಚಪ್ಪಟೆ, ರೆಕ್ಕೆಯ ಹಿಂಬದಿಯ ಹಾಗೆ ತೆಳ್ಳಗೆ.
ಪುಸ್ತಕದಲ್ಲಿ ಇದೇ ಚಿತ್ರವಿದೆ, ಅವನಿಗೆ ತೋರಿಸಿರಲಿಲ್ಲ.

ಮಧ್ಯಾಹ್ನ ನಿಖತ್‌ಳ ಕಣ್ಣಿಗೆ ಅವಳದೇ ದುಪಟ್ಟಾ ಕಟ್ಟಿದೆ.
ಅಂಗೈ ಬೆವರಿತ್ತು. ಒರೆಸಬೇಡ ಎಂದೆ,
ನಿಜದಲ್ಲೂ ಬೆವರುತ್ತದೆ.
ಚಕ್ರ. ಫ್ಲ್ಯಾಪ್. ಫ್ಲ್ಯಾಪ್. ಚಕ್ರ.
ನಡುನಡುವೆ ಅವಳ ಮನೆಯ ಫೋನ್ ನಂಬರು ಹಿಂದುಮುಂದಾಗಿ ಹೇಳಿಸಿದೆ,
ತಗಡು ಬಡಿದೆ, ಕೂಗಾಡಿದೆ.
ಇಪ್ಪತ್ತರಲ್ಲಿ ಹತ್ತೊಂಬತ್ತು.
ಹದಿನಾಲ್ಕನೆಯದು ತಪ್ಪಿತು.

ಹತ್ತೊಂಬತ್ತು ಸಾಕಲ್ಲವೇ ಎಂದರು ಕಂಪನಿಯವರು ಫೋನಿನಲ್ಲಿ.
ನಾನು ತಡೆದೆ. ಪೆನ್ನಿನ ಮುಚ್ಚಳ ತೆಗೆದಿತ್ತು,
ಹಿಂದೆಂದೋ ಇಂಥದೇ ಒಂದಕ್ಕೆ ಸಹಿ ಹಾಕಿದ್ದು ನೆನಪಿತ್ತು.
"ನಂದೇ ತಪ್ಪು ಮೇಡಂ, ಹಸಿವಾಗಿತ್ತು," ಎಂದಳು ಹುಡುಗಿ,
ಕಣ್ಣಪಟ್ಟಿ ಇನ್ನೂ ಬಿಚ್ಚದೆ.
ಹಸಿವಾಗುವುದು ಅಸಾಮಾನ್ಯವಲ್ಲ ತಾಯಿ, ಎನ್ನಬೇಕೆಂದಿದ್ದೆ,
ರೊಟ್ಟಿಯ ಗಂಟು ಬಿಚ್ಚಿ ಮುಂದಿಟ್ಟೆ.

ಮೋನಪ್ಪ ಗುಂಡು ಹಿಡಿಕೆಯನ್ನು ಬಿಚ್ಚಿಕೊಂಡು
ಹೆಬ್ಬೆರಳಾಡಿಸಿದ, ಕಣ್ಣು ಮುಚ್ಚಿ, ಬಹಳ ಹೊತ್ತು.
"ಇಲ್ಲಿ ನೋಡ್ರಿ. ಇಲ್ಲೊಂದು ಚಪ್ಪಟಿ ಉಳದದ."
ಅರ ತೆಗೆದುಕೊಂಡ.
ಪುಡಿ ಕೌದಿಯ ಮೇಲೆ ಬೀಳುತ್ತಿತ್ತು.
ಅವಳು ರೊಟ್ಟಿ ಮುರಿಯುತ್ತ
ಅದನ್ನೇ ನೋಡುತ್ತಿದ್ದಳು, ಝಾಡಿಸಲಿಲ್ಲ.